ಗೇಟ್‌ಹೌಸ್: ಹಿಂದಿಯಲ್ಲೂ ಕನ್ನಡದಲ್ಲೂ ಪದ ಹುಡುಕಿದ ಅನುಭವ

ಇಂಗ್ಲಿಷಿನಿಂದ ಹಿಂದಿಗೋ ಕನ್ನಡಕ್ಕೋ ಅನುವಾದ ಮಾಡುವಾಗ ‘ಗೇಟ್‌ಹೌಸ್’, ಅಂದರೆ ಬಾಗಿಲಿಗೆ ಸೇರಿದ ಕಟ್ಟಡ, ಎದುರಾದರೆ ನಾನು ಮೊದಲು ನಿಘಂಟು ತೆರೆಯುವುದಿಲ್ಲ. ಆ ಕಟ್ಟಡದಲ್ಲಿ ಯಾರಿದ್ದಾರೆ ಎಂದು ಮೂಲದಲ್ಲೇ ಹುಡುಕುತ್ತೇನೆ: ಕಾವಲಿನ ಸೈನಿಕರೋ, ಮಠದ ಬಾಗಿಲು ಕಾಯುವವನೋ, ಸಂಸಾರ ಸಮೇತ ಇರುವ ಗೇಟ್‌ಮನ್ನೋ, ಬರೀ ಯಂತ್ರವೋ. ಹಿಂದಿ ನಿಘಂಟು ಕೊಡುವ ‘ದ್ವಾರಗೃಹ’, ‘ಫಾಟಕ್ ಘರ್’ ತಪ್ಪಲ್ಲ. ಆದರೆ ಹಿಂದಿ ಮಾತಾಡುವವರ ಬಾಯಲ್ಲಿ ಅವು ಬರುವುದು ಅಪರೂಪ, ಮೇಲಾಗಿ ಈ ನಾಲ್ಕೂ ಸಂದರ್ಭಗಳನ್ನು ಒಂದೇ ಮಾಡಿಬಿಡುತ್ತವೆ.

ಇಂಗ್ಲಿಷಿನಲ್ಲಿ ಪದದ ಗಟ್ಟಿ ನೆಲೆ ಇರುವುದು ಕೋಟೆಯಲ್ಲಿ. ಬಾಗಿಲಿಗೆ ‘ಮನೆ’ ಏಕೆ ಬೇಕಾಯಿತು? ಮೇಲಿನಿಂದ ಇಳಿಬಿಡುವ ಜಾಲರಿ ಬಾಗಿಲು, ಅಂದರೆ ಪೋರ್ಟ್‌ಕಲಿಸ್, ಮೇಲಕ್ಕೆಳೆದಾಗ ನಿಲ್ಲಲು ದಾರಿಯ ಮೇಲುಗಡೆ ಜಾಗ ಬೇಕು, ಅದನ್ನು ಎತ್ತುವ ರಾಟೆಗೂ ಆಳುಗಳಿಗೂ ಕೋಣೆ ಬೇಕು. ವೇಲ್ಸ್‌ನ ಹಾರ್ಲೆಕ್ ಕೋಟೆಯನ್ನು ಇಂಗ್ಲೆಂಡಿನ ದೊರೆ 1ನೇ ಎಡ್ವರ್ಡ್ 1283ರಿಂದ 1289ರ ನಡುವೆ ಕಟ್ಟಿಸಿದ. ಅಲ್ಲಿನ ಗೇಟ್‌ಹೌಸ್‌ನಲ್ಲಿ ದಾರಿಯ ಎರಡು ಮಗ್ಗುಲಿಗೂ ದುಂಡು ಮುಖದ ಬುರುಜುಗಳಿವೆ, ಮೇಲಿನ ಅಂತಸ್ತುಗಳಲ್ಲಿ ದೊಡ್ಡ ಕಿಟಕಿಗಳಿರುವ ವಾಸದ ಕೋಣೆಗಳಿವೆ. ಇಂಥದ್ದನ್ನು ‘ಹೆಬ್ಬಾಗಿಲು’ ಎಂದಷ್ಟೇ ಬರೆದರೆ ಓದುಗನ ಕಣ್ಣಿಗೆ ಎರಡು ಕದಗಳು ಮಾತ್ರ ಬರುತ್ತವೆ. ಹಾಗಾಗಿ ಮೊದಲ ಸಲ ‘ಹೆಬ್ಬಾಗಿಲ ಕಾವಲು ಕಟ್ಟಡ’ ಎಂದು ಬಿಡಿಸಿ ಬರೆಯುತ್ತೇನೆ, ಆಮೇಲೆ ‘ಹೆಬ್ಬಾಗಿಲು’ ಸಾಕು. ‘ಬತೇರಿ’ ಬಳಸಬಾರದು, ಅದು ಕೋಟೆಗೋಡೆಯ ಕಾವಲು ಬುರುಜು. ‘ದಿಡ್ಡಿ’ ಎಂದರೆ ಚಿಕ್ಕ ಬಾಗಿಲು.

ಹತ್ತಿರದ ಇಂಗ್ಲಿಷ್ ಪದಗಳನ್ನೂ ಬೇರ್ಪಡಿಸಿಟ್ಟುಕೊಳ್ಳಬೇಕು. ‘ಗೇಟ್‌ವೇ’ ಎಂದರೆ ದಾಟಿಹೋಗುವ ದಾರಿ. ‘ಬಾರ್ಬಿಕನ್’ ಬಾಗಿಲಿನ ಮುಂದೆ, ಹೊರಗೆ ಚಾಚಿಕೊಂಡ ರಕ್ಷಣಾ ಕಟ್ಟಡ. ‘ಲಾಡ್ಜ್’ ಎಂದರೆ ಶ್ರೀಮಂತರ ತೋಟದ ಗೇಟಿನ ಪಕ್ಕದ ಕಾವಲುಗಾರನ ಮನೆ. ಇದನ್ನು ನಮ್ಮೂರಿನ ಬಸ್ ನಿಲ್ದಾಣದೆದುರಿನ ಲಾಡ್ಜ್ ಎಂದುಕೊಂಡರೆ ಇಡೀ ಪುಟ ಕೆಡುತ್ತದೆ.

ಮೂಲದಲ್ಲಿ ಗೇಟ್‌ಹೌಸ್‌ನ ಮೊದಲಕ್ಷರ ದೊಡ್ಡದಾಗಿದ್ದರೆ ತಡೆದು ನೋಡಿ, ಅದು ಅಂಕಿತನಾಮವಿರಬಹುದು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಠದ ಗೇಟ್‌ಹೌಸ್ ಸೆರೆಮನೆಯಾಗಿತ್ತು. 1618ರಲ್ಲಿ ಇಂಗ್ಲಿಷ್ ನಾವಿಕ, ಕವಿ ವಾಲ್ಟರ್ ರಾಲಿ ತಲೆದಂಡದ ಹಿಂದಿನ ರಾತ್ರಿ ಕಳೆದದ್ದು ಅಲ್ಲೇ. ಅಂಥ ಕಡೆ ‘ಗೇಟ್‌ಹೌಸ್ ಸೆರೆಮನೆ’ ಎಂದು ಹೆಸರನ್ನು ಉಳಿಸಬೇಕು. ಅನುವಾದಿಸಿದರೆ ಚರಿತ್ರೆಯೇ ಅಳಿಸಿಹೋಗುತ್ತದೆ.

ಹಿಂದಿಯಲ್ಲಿ ಈ ಅರ್ಥಕ್ಕೆ ತೀರ ಹತ್ತಿರವಾದದ್ದು ‘ಡ್ಯೋಢೀ’. ಹವೇಲಿಯ ಬಾಗಿಲು, ಅದರ ಹಿಂದಿನ ಮುಚ್ಚಿದ ದಾರಿ, ಅಲ್ಲಿ ಕೂತ ಕಾವಲುಗಾರ, ಎಲ್ಲವೂ ಅದರಲ್ಲಿ ಸೇರುತ್ತದೆ. ಬಾಗಿಲು ಕಾಯುವವನು ‘ಡ್ಯೋಢೀದಾರ್’. ಎರಡು ತೊಡಕುಗಳಿವೆ. ‘ಡ್ಯೋಢಾ’ ಎಂದರೆ ಒಂದೂವರೆ ಪಟ್ಟು, ಅದರ ಸ್ತ್ರೀಲಿಂಗ ರೂಪವೂ ‘ಡ್ಯೋಢೀ’ಯೇ. ಯಂತ್ರಾನುವಾದ ಎಡವುವ ಜಾಗ ಇದು. ಎರಡನೆಯದು ಹೈದರಾಬಾದಿನದು. ಅಲ್ಲಿ ‘ದೇವಡಿ’ ಎಂದರೆ ಅಮೀರನ ಇಡೀ ಮಹಲು, ಬಾಗಿಲಷ್ಟೇ ಅಲ್ಲ. ನಮ್ಮಲ್ಲೂ ‘ದೇವಡಿ’ ಪದವಿದೆ, ವಾಡೆಯ ಬಾಗಿಲಿಗೆ ಸೊಗಸಾಗಿ ಒಪ್ಪುತ್ತದೆ. ಆದರೆ ಕಲ್ಯಾಣ ಕರ್ನಾಟಕದ ಓದುಗ ಅದನ್ನು ಮಹಲೆಂದು ಓದಬಹುದು, ಹಾಗಾಗಿ ಅಲ್ಲೊಂದು ‘ಬಾಗಿಲು’ ಸೇರಿಸುತ್ತೇನೆ. ಊರಿನ ಬಾಗಿಲಾದರೆ ಉತ್ತರ ಕರ್ನಾಟಕದ ‘ಅಗಸಿ’ಗೆ ಸಮನಾದದ್ದಿಲ್ಲ.

ರಾಜಸ್ಥಾನದ ಕೋಟೆಗಳಲ್ಲಿ ಇಂಥ ಹೆಬ್ಬಾಗಿಲಿಗೆ ‘ಪೋಲ್’ ಎನ್ನುತ್ತಾರೆ. ಚಿತ್ತೋರಗಢದ ಏರುದಾರಿಯಲ್ಲಿ ಪಾಡನ್ ಪೋಲ್‌ನಿಂದ ರಾಮ್ ಪೋಲ್‌ವರೆಗೆ ಏಳು ಇವೆ. ಸಂಸ್ಕೃತದ ‘ಪ್ರತೋಲೀ’ ಇದರ ಮೂಲ. ಅಹಮದಾಬಾದಿನಲ್ಲಿ ಅದೇ ಪದ ಒಂದು ಬಾಗಿಲೊಳಗಿನ ಇಡೀ ಕೇರಿಗೆ ಸಲ್ಲುತ್ತದೆ. ಉಚ್ಚಾರ ಹತ್ತಿರವೆಂದು ‘ಪೌಳಿ’ ಹಾಕಬೇಡಿ, ಕನ್ನಡದಲ್ಲಿ ಅದು ಗುಡಿಯ ಸುತ್ತುಗೋಡೆ. ದೆಹಲಿಯ ಕೆಂಪುಕೋಟೆಯ ‘ನೌಬತ್‌ಖಾನಾ’ ಮೇಲ್ಗಡೆ ವಾದ್ಯಗಾರರಿದ್ದ ಬಾಗಿಲ ಕಟ್ಟಡ. ಅದಕ್ಕೆ ನಮ್ಮ ‘ನಗಾರಿಖಾನೆ’ ಸರಿಹೊಂದುತ್ತದೆ.

ರೈಲಿನ ವಿಷಯ ಬೇರೆ. ಹಿಂದಿಯಲ್ಲಿ ‘ಫಾಟಕ್’ ಎಂದರೆ ಎಷ್ಟೋ ಸಲ ಲೆವೆಲ್ ಕ್ರಾಸಿಂಗೇ, ಗೇಟ್‌ಮನ್ ಕೂರುವ ಪುಟ್ಟ ಕೋಣೆ ‘ಗುಮ್ಟೀ’. ಬೀಡಾ ಅಂಗಡಿಗೂ ಅದೇ ಹೆಸರಿದೆ, ಹಾಗಾಗಿ ‘ರೇಲ್ವೇ ಗುಮ್ಟೀ’ ಎನ್ನುವುದು ಕ್ಷೇಮ. ಭಾರತೀಯ ರೈಲ್ವೆಯ ಇಂಗ್ಲಿಷ್ ದಾಖಲೆಗಳಲ್ಲಿ ಇದು ‘ಗೇಟ್ ಲಾಡ್ಜ್’. ಕನ್ನಡಕ್ಕೆ ‘ರೈಲ್ವೆ ಗೇಟಿನ ಕಾವಲು ಕೋಣೆ’ ಎಂದರೆ ಮುಗಿಯಿತು. ಅಣೆಕಟ್ಟಿನ ಗೇಟ್‌ಹೌಸ್‌ನಲ್ಲಿ ಇರುವುದು ತೂಬು ಎತ್ತಿಳಿಸುವ ಯಂತ್ರ. ಅಲ್ಲಿ ‘ದ್ವಾರಗೃಹ’ ಎಂದು ಬರೆದರೆ ಕೆಲಸಗಾರರಿಗೇ ತಿಳಿಯದು, ‘ಗೇಟ್ ಎತ್ತುವ ಕೋಣೆ’ ಎನ್ನಿ.

ಪದ ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡುತ್ತೇನೆ. ಮೂಲದ ಕ್ರಿಯಾಪದದ ಜೊತೆ ಅದನ್ನು ಕೂಡಿಸಿ ಗಟ್ಟಿಯಾಗಿ ಓದುತ್ತೇನೆ: ‘ಒಳಗೆ ಮಲಗಿದ’, ‘ಮೇಲೇರಿ ನೋಡಿದ’, ‘ಕೆಳಗೆ ಹಾದುಹೋದ’. ‘ಹೆಬ್ಬಾಗಿಲಲ್ಲಿ ಮಲಗಿದ’ ಎಂದರೆ ಹೊಸ್ತಿಲ ಮೇಲೆ ಮಲಗಿದ ಹಾಗಾಗುತ್ತದೆ, ಆಗ ‘ಹೆಬ್ಬಾಗಿಲ ಮೇಲಿನ ಕೋಣೆಯಲ್ಲಿ’ ಎಂದು ತಿದ್ದುತ್ತೇನೆ. ಹಿಂದಿಯಲ್ಲಿ ಬರೆಯುವ ಕನ್ನಡಿಗರು ಲಿಂಗವನ್ನೂ ನೋಡಿಕೊಳ್ಳಿ: ‘ಬಡೀ ಡ್ಯೋಢೀ’, ‘ಬಡಾ ಫಾಟಕ್’.