ಹಿರಿಯರ ಆಂಪ್ಲಿಫೈಯರ್‌ಗೆ ಕಿರಿಯರ ಫೋನ್ ಜೋಡಿಸುವ ಬಗೆ

ಎಲ್‌ಪಿ (ಗ್ರಾಮಫೋನ್ ತಟ್ಟೆ) ಕೇಳಿ ಬೆಳೆದ ತಲೆಮಾರಿನ ಆಡಿಯೊಫೈಲ್‌ಗೆ, ಅಂದರೆ ಧ್ವನಿಯ ಗುಣಮಟ್ಟದ ಹುಚ್ಚಿರುವ ಕೇಳುಗನಿಗೆ, ಈ ಹವ್ಯಾಸವೆಂದರೆ ಟರ್ನ್‌ಟೇಬಲ್, ಭಾರವಾದ ಆಂಪ್ಲಿಫೈಯರ್, ಒಂದು ಜೋಡಿ ಸ್ಪೀಕರ್ ಮತ್ತು ಅವುಗಳಿಗೆ ಎದುರಾಗಿ ಹಾಕಿದ ಕುರ್ಚಿ. 1979ರಲ್ಲಿ ಬಂದ ವಾಕ್‌ಮನ್ ಸಂಗೀತವನ್ನು ಆ ಕುರ್ಚಿಯಿಂದ ಎಬ್ಬಿಸಿತು. ಇಂದಿನ ಕೇಳುಗರಲ್ಲಿ ಅನೇಕರು ಹೆಡ್‌ಫೋನ್ ಮತ್ತು ಬೆರಳುದ್ದದ ಡಿಎಸಿಯಿಂದಲೇ (ಡಿಜಿಟಲ್ ಸಂಕೇತವನ್ನು ಅನಲಾಗ್ ಧ್ವನಿಸಂಕೇತವಾಗಿ ಬದಲಿಸುವ ಸಾಧನ) ಹವ್ಯಾಸವನ್ನು ಆರಂಭಿಸುತ್ತಾರೆ. ಮನೆಯಲ್ಲಿ ಹಳೆಯ ಸ್ಟೀರಿಯೊ ಉಳಿದಿದ್ದರೆ ಎರಡೂ ಬಗೆಯ ಆಲಿಸುವಿಕೆಯನ್ನು ಅದರಲ್ಲೇ ಕೂಡಿಸಬಹುದು.

ಮೊದಲು ಹಳೆಯ ಉಪಕರಣಗಳ ಸ್ಥಿತಿಯನ್ನು ನೋಡಬೇಕು. ಸ್ಪೀಕರ್ ಕೋನಿನ ಸುತ್ತಲಿರುವ ಫೋಮ್ ಅಂಚು ಮುಟ್ಟಿದರೆ ಪುಡಿಯಾಗುವಂತಿದ್ದರೆ ಅದನ್ನಷ್ಟೇ ಬದಲಿಸಬಹುದು, ಇಡೀ ಸ್ಪೀಕರನ್ನು ಎಸೆಯಬೇಕಾಗಿಲ್ಲ. ಆಂಪ್ಲಿಫೈಯರ್‌ನಿಂದ ಗುಂಯ್‌ಗುಡುವ ಸದ್ದು ಬರುತ್ತಿದ್ದರೆ ಕೆಪಾಸಿಟರ್‌ಗಳು ಸೊರಗಿರಬಹುದು. ಪ್ಲಗ್ ತೆಗೆದ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದಾದ್ದರಿಂದ ಈ ಕೆಲಸವನ್ನು ತಿಳಿದ ರಿಪೇರಿಯವರಿಗೇ ಒಪ್ಪಿಸಬೇಕು.

ಫೋನನ್ನು ಜೋಡಿಸುವಾಗ ಹೆಚ್ಚಿನ ಗೊಂದಲ ಹುಟ್ಟುವುದು ಆಂಪ್ಲಿಫೈಯರ್ ಹಿಂಬದಿಯ ಸಾಕೆಟ್‌ಗಳಲ್ಲಿ. ಆಕ್ಸ್, ಟೇಪ್, ಸಿಡಿ, ಟ್ಯೂನರ್ ಎಂದು ಬರೆದಿರುವ ಯಾವ ಇನ್‌ಪುಟ್ ಆದರೂ ಸರಿಯೇ, ಆದರೆ ಟರ್ನ್‌ಟೇಬಲ್‌ಗೆಂದೇ ಇರುವ ಫೋನೊ ಎಂಬುದಕ್ಕೆ ಮಾತ್ರ ಜೋಡಿಸಬಾರದು. ಟರ್ನ್‌ಟೇಬಲ್‌ನ ಸೂಜಿಯನ್ನು ಹಿಡಿದಿರುವ ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅಲ್ಲದೆ, ಎಲ್‌ಪಿಯನ್ನು ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ ಮೇಲಿನ ಸ್ವರಗಳನ್ನು ಹಿಗ್ಗಿಸಿರುತ್ತಾರೆ. ಫೋನೊ ವಿಭಾಗವು ಆ ಸಣ್ಣ ಸಂಕೇತವನ್ನು ಬಲಗೊಳಿಸುವುದರ ಜೊತೆಗೆ ಎಲ್‌ಪಿಗಳಿಗೆ ನಿಗದಿಯಾಗಿರುವ ಆರ್‌ಐಎಎ ಕರ್ವ್ ಎಂಬ ಮಾನದಂಡಕ್ಕೆ ಅನುಗುಣವಾಗಿ ಈ ಏರುಪೇರನ್ನು ಸರಿಪಡಿಸುತ್ತದೆ. 2 ವೋಲ್ಟ್‌ವರೆಗೆ ಕೊಡಬಲ್ಲ ಡಿಎಸಿಯನ್ನು ಅಲ್ಲಿಗೆ ಸೇರಿಸಿದರೆ ಒಡಕು ಧ್ವನಿಯಲ್ಲದೆ ಬೇರೇನೂ ಕೇಳದು. ಇದಕ್ಕೆ ವಿರುದ್ಧವಾಗಿ, ಹೊಸದಾಗಿ ಎಲ್‌ಪಿಗೆ ಮನಸೋತ ಕಿರಿಯರು ತಮ್ಮ ಆಂಪ್ಲಿಫೈಯರ್‌ನಲ್ಲಿಯೋ ಟರ್ನ್‌ಟೇಬಲ್‌ನಲ್ಲಿಯೋ ಫೋನೊ ವಿಭಾಗ ಇಲ್ಲದಿದ್ದರೆ ಪ್ರತ್ಯೇಕ ಫೋನೊ ಪ್ರಿಆಂಪ್ ಕೊಳ್ಳಬೇಕಾಗುತ್ತದೆ.

ಬ್ಲೂಟೂತ್ ರಿಸೀವರ್ ಅನುಕೂಲಕರವಾದರೂ ಅದಕ್ಕೆ ಫೋನ್ ಸಾಮಾನ್ಯವಾಗಿ ಸಂಕೇತವನ್ನು ಕುಗ್ಗಿಸಿ ಕಳುಹಿಸುತ್ತದೆ. ಯುಎಸ್‌ಬಿ ಡಿಎಸಿಯಿಂದ ತಂತಿ ಎಳೆದು, ಫೋನಿನ ವಾಲ್ಯೂಮನ್ನು ಪೂರ್ಣವಾಗಿಟ್ಟು, ಧ್ವನಿಯನ್ನು ಆಂಪ್ಲಿಫೈಯರ್‌ನಲ್ಲಿ ಹೊಂದಿಸಿಕೊಳ್ಳುವುದು ಉತ್ತಮ. ಕೇಳುವುದಕ್ಕೆ ಸಿಡಿಯ ಗುಣಮಟ್ಟವಾದ 16 ಬಿಟ್, 44.1 ಕಿಲೋಹರ್ಟ್ಸ್ ಸಾಕು. ಅದಕ್ಕಿಂತ ದೊಡ್ಡ ಅಂಕಿಗಳಿಗೂ ದುಬಾರಿ ಕೇಬಲ್‌ಗಳಿಗೂ ಹಣ ಸುರಿಯುವ ಮೊದಲು ಸ್ಪೀಕರ್‌ಗಳನ್ನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಸರಿಸಿ ನೋಡುವುದು ಲೇಸು. (ಕೇಬಲ್ ವಿಷಯದಲ್ಲಿ ಹಿರಿಯರೊಡನೆ ವಾದಿಸಿ ಗೆದ್ದವರು ಕಡಿಮೆ.)

ಹೆಡ್‌ಫೋನ್ ವಿಷಯದಲ್ಲಿ ಎರಡು ಕಾಲಗಳು ನೇರವಾಗಿ ಡಿಕ್ಕಿ ಹೊಡೆಯುತ್ತವೆ. ಅನೇಕ ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಹೆಡ್‌ಫೋನ್ ಸಾಕೆಟ್‌ಗೆ ಸಂಕೇತ ಬರುವುದು ಸ್ಪೀಕರ್ ಔಟ್‌ಪುಟ್‌ನಿಂದ, ವಿದ್ಯುತ್ ಹರಿವನ್ನು ತಡೆಯುವ ನೂರಾರು ಓಮ್‌ಗಳ ರೆಸಿಸ್ಟರ್ ಮೂಲಕ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600ನಂಥವುಗಳಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಕಡಿಮೆ ಓಮ್‌ನ ಇಯರ್‌ಫೋನ್‌ಗಳಲ್ಲಿ ಸ್ವರಗಳ ಸಮತೋಲನವೇ ಬದಲಾಗಬಹುದು. ಅವುಗಳನ್ನು ನೇರವಾಗಿ ಡಿಎಸಿಗೇ ಜೋಡಿಸುವುದು ಒಳ್ಳೆಯದು.

ತಗ್ಗು, ಮಧ್ಯ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಈಕ್ವಲೈಸರ್ ಎಂದರೆ ಮುಖ ಸಿಂಡರಿಸುವ ಹಿರಿಯರಿದ್ದಾರೆ, ಅದಿಲ್ಲದೆ ಹೆಡ್‌ಫೋನನ್ನೇ ಮುಟ್ಟದ ಕಿರಿಯರೂ ಇದ್ದಾರೆ. ಈ ವಿಷಯದಲ್ಲಿ ಕಿರಿಯರ ಪಕ್ಷವೇ ಸರಿ ಎಂದು ನನಗೆ ತೋರುತ್ತದೆ. ಯಾವುದಾದರೂ ಸ್ವರಶ್ರೇಣಿಯನ್ನು ಏರಿಸುವಾಗ ಅಷ್ಟೇ ಡೆಸಿಬಲ್‌ಗಳಷ್ಟು ಒಟ್ಟು ಮಟ್ಟವನ್ನು ಇಳಿಸಿದರೆ ಧ್ವನಿ ಒಡೆಯುವುದಿಲ್ಲ.

ಎಲ್‌ಪಿ ಮೇಲೋ ಸ್ಟ್ರೀಮಿಂಗ್ ಮೇಲೋ ಎಂಬ ವಾದವನ್ನು ಇಲ್ಲಿ ಬಗೆಹರಿಸಲಾಗದು, ಏಕೆಂದರೆ ಎರಡರ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಗೆ ಕೊಡುವ ಕೊನೆಯ ರೂಪ) ಬೇರೆಯಾಗಿರಬಹುದು. ಆದರೆ ಎರಡು ಡಿಎಸಿಗಳನ್ನು ಹೋಲಿಸಬೇಕಾದರೆ, ಒಂದೇ ಟೆಸ್ಟ್ ಟೋನ್ ನುಡಿಸಿ ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿದು, ವೋಲ್ಟೇಜ್ ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆಯಾಗುವವರೆಗೆ ಎರಡರ ಧ್ವನಿಮಟ್ಟವನ್ನು ಹೊಂದಿಸಬೇಕು. ಏಕೆಂದರೆ ತುಸು ಜೋರಾದದ್ದು ಕಿವಿಗೆ ಉತ್ತಮವಾಗಿಯೇ ಕೇಳುತ್ತದೆ. ಅನಂತರ ಒಬ್ಬರು ಮರೆಯಲ್ಲಿ ಇನ್‌ಪುಟ್ ಬದಲಿಸುತ್ತಿರಲಿ, ಕೇಳುವವರು ಪ್ರತಿ ಸಲವೂ ತಮ್ಮ ಉತ್ತರವನ್ನು ಬರೆದಿಡಲಿ. ಉತ್ತರಗಳು ಅರ್ಧದಷ್ಟು ಮಾತ್ರ ಸರಿಯಾದರೆ ಅದು ಬರೀ ಊಹೆಗೆ ಸಮ, ಅಗ್ಗದ ಡಿಎಸಿಯನ್ನೇ ಉಳಿಸಿಕೊಳ್ಳಬಹುದು.