ಕೃಷ್ಣಾಷ್ಟಮಿ ಫೋಟೊಗೆ ಪಾಪುವಿನ ಕ್ರೋಶಾ ಪೀತಾಂಬರ

ಆಷಾಢದಲ್ಲಿ ಮದುವೆ, ಮುಂಜಿ ಅಂತ ಓಡಾಟ ಇರುವುದಿಲ್ಲ. ಕ್ರೋಶಾ ಕಡ್ಡಿ ಹಿಡಿಯಲು ಅದೇ ಒಳ್ಳೆಯ ಸಮಯ. ಶ್ರಾವಣ ಶುರುವಾದ ಮೇಲೆ ಕೃಷ್ಣಾಷ್ಟಮಿಗೆ ಉಳಿಯುವುದು ಮೂರು ವಾರ, ಅದರಲ್ಲೂ ಮಂಗಳಗೌರಿ, ವರಮಹಾಲಕ್ಷ್ಮಿ ಅಂತ ದಿನಗಳು ಹೋಗಿಬಿಡುತ್ತವೆ. ಅವಸರದಲ್ಲಿ ಹೆಣೆದರೆ ಕೈ ಬಿಗಿಯಾಗುತ್ತದೆ, ಕೈ ಬಿಗಿಯಾದರೆ ಉಡುಪೂ ಬಿಗಿಯಾಗುತ್ತದೆ.

ಮೊದಲೇ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಿ. ಇದು ದಿನವಿಡೀ ತೊಡಿಸುವ ಬಟ್ಟೆ ಅಲ್ಲ. ಒಂದು ನಿಮಿಷದಲ್ಲಿ ಹಾಕಿ, ಕಾಲು ಗಂಟೆಯೊಳಗೆ ತೆಗೆಯುವಂಥದ್ದು. ಆದ್ದರಿಂದ ತಲೆಯ ಮೇಲಿಂದ ತೊಡಿಸುವ ಯಾವುದನ್ನೂ ಹೆಣೆಯಬೇಡಿ. ತಲೆ ಮೇಲಿಂದ ಎಳೆದ ಕೂಡಲೇ ಮಗು ಅಳುತ್ತದೆ, ಆಮೇಲೆ ಮುಖ ಕೆಂಪಾಗಿ ಅರ್ಧ ಗಂಟೆ ಫೋಟೊ ಇಲ್ಲ. ಪಂಚೆ, ಉತ್ತರೀಯ, ತಲೆಪಟ್ಟಿ, ಕೊಳಲು ಇಷ್ಟು ಸಾಕು. ಎಲ್ಲವೂ ಬಿಡಿಬಿಡಿಯಾಗಿರಲಿ, ಪಂಚೆ ಪಕ್ಕದಲ್ಲಿ ಕಟ್ಟುವ ಹಾಗೆ ಇರಲಿ. ತೋಳಬಂದಿ, ಕಾಲ್ಗೆಜ್ಜೆ, ಸೊಂಟದ ಪಟ್ಟಿ, ದೊಡ್ಡ ಕಿರೀಟ ಎಲ್ಲ ಸೇರಿಸುತ್ತಾ ಹೋದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ, ಫೋಟೊದಲ್ಲಿ ಮಗುವೇ ಕಾಣುವುದಿಲ್ಲ.

ದಾರ ಹತ್ತಿಯದ್ದೇ ಇರಲಿ. ಉಲ್ಲನ್ ಅಂತ ಅಂಗಡಿಯಲ್ಲಿ ಕೊಡುವುದು ಹೆಚ್ಚಿನ ಪಾಲು ಅಕ್ರಿಲಿಕ್. ಅದು ಬೆವರು ಹೀರುವುದಿಲ್ಲ, ಸ್ಟುಡಿಯೊ ದೀಪದ ಬಿಸಿಗೆ ಮಗುವಿನ ತೊಡೆ ಸಂದಿಯಲ್ಲಿ ಗುಳ್ಳೆ ಏಳುತ್ತದೆ. ರೋಮ ರೋಮವಾಗಿ ಮೃದುವಾಗಿರುವ ದಾರವೂ ಬೇಡ. ಅದರ ಎಳೆ ಉದುರಿ ನೇರ ಬಾಯಿಗೆ ಹೋಗುತ್ತದೆ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿದು ಮಾಮೂಲ್‌ಪೇಟೆ ಕಡೆ ನಡೆದರೆ ದಾರ, ಕಡ್ಡಿ, ಫೆಲ್ಟ್ ಬಟ್ಟೆ ಎಲ್ಲವೂ ಸಿಗುತ್ತದೆ. ಅಷ್ಟು ದೂರ ಬೇಡವೆಂದರೆ ಗಾಂಧಿಬಜಾರ್, ಮಲ್ಲೇಶ್ವರದ ಎಂಟನೇ ಕ್ರಾಸ್ ಕಡೆ ವಿಚಾರಿಸಿ. ನಾಲ್ಕೆಳೆಯ ಹತ್ತಿ ದಾರ, 50 ಗ್ರಾಂ ಉಂಡೆ ಕೇಳಿ. ಆರು ತಿಂಗಳ ಮಗುವಿನ ಪೂರಾ ಸೆಟ್‌ಗೆ ಅರಿಶಿನ ಬಣ್ಣದ್ದು ಮೂರು ಉಂಡೆ, ಅಂಚಿಗೆ ಕೆಂಪು ಅಥವಾ ಹಸಿರು ಒಂದು, ನವಿಲುಗರಿಗೆ ಕಡುನೀಲಿ, ನವಿಲುನೀಲಿ, ಕಂದು, ಹಸಿರು ಸ್ವಲ್ಪ ಸ್ವಲ್ಪ. ಹಳದಿಯ ಮೂರೂ ಉಂಡೆಯ ಲೇಬಲ್ ಮೇಲೆ ಲಾಟ್ ನಂಬರ್ ಒಂದೇ ಇದೆಯೇ ನೋಡಿಯೇ ದುಡ್ಡು ಕೊಡಿ. ನಂಬರ್ ಬೇರೆಯಾದರೆ ಕೈಯಲ್ಲಿ ಒಂದೇ ಬಣ್ಣ ಅನಿಸಿದ್ದು ಕ್ಯಾಮೆರಾದಲ್ಲಿ ಗೆರೆ ಹೊಡೆದ ಹಾಗೆ ಎರಡಾಗಿ ಕಾಣುತ್ತದೆ. ಉಂಡೆಯನ್ನು ಅಂಗಡಿಯ ಹೊರಗೆ ಬಿಸಿಲಿಗೆ ತಂದು ನೋಡಿ, ಟ್ಯೂಬ್‌ಲೈಟ್ ಬೆಳಕಿನಲ್ಲಿ ಹಳದಿಯ ನಿಜವಾದ ಬಣ್ಣ ತಿಳಿಯುವುದಿಲ್ಲ. ನಿಂಬೆ ಹಳದಿಗಿಂತ ಅರಿಶಿನ ಅಥವಾ ಸಾಸಿವೆ ಹಳದಿ ಮೇಲು. ತೀರಾ ಹೊಳೆಯುವ ಹಳದಿ ಮಗುವಿನ ಗಲ್ಲಕ್ಕೆ ಪ್ರತಿಫಲಿಸಿ ಮುಖವೇ ಹಳದಿಯಾಗಿ ಕಾಣುತ್ತದೆ.

ಕೆಂಪು, ಕಡುನೀಲಿ ದಾರ ಬಣ್ಣ ಬಿಡುತ್ತದೆಯೇ ಎಂದು ಮನೆಗೆ ಬಂದ ದಿನವೇ ನೋಡಿ. ಬಿಳಿ ಕರ್ಚೀಫು ಒದ್ದೆ ಮಾಡಿ, ದಾರದ ತುದಿಯನ್ನು ಅದರಲ್ಲಿ ಮಡಿಸಿ ಹತ್ತು ನಿಮಿಷ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಬಣ್ಣ ಬಿಡುವ ದಾರವನ್ನು ಈ ಕೆಲಸಕ್ಕೆ ಬಳಸಲೇಬೇಡಿ, ಮಗು ಜೊಲ್ಲು ಸುರಿಸುವುದು ಅದರ ಮೇಲೇ.

ಈಗ ಅಳತೆ. ಇವತ್ತಿನ ಅಳತೆಗೆ ಹೆಣೆದರೆ ಹಬ್ಬದ ಹೊತ್ತಿಗೆ ಸಾಲದು. ಮೊದಲ ಮೂರು ತಿಂಗಳು ಮಗುವಿನ ತಲೆ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯುತ್ತದೆ, ಆಮೇಲೆ ಆರು ತಿಂಗಳವರೆಗೆ 1 ಸೆಂ.ಮೀ., ಅಲ್ಲಿಂದ ವರ್ಷ ತುಂಬುವವರೆಗೆ ಅರ್ಧ ಸೆಂ.ಮೀ. ಐದನೇ ತಿಂಗಳಲ್ಲಿ 42 ಇದ್ದರೆ ಫೋಟೊ ದಿನಕ್ಕೆ 43 ಎಂದು ಹಿಡಿಯಿರಿ. ಹುಬ್ಬಿನ ಮೇಲೆ, ಹಿಂದೆ ತಲೆಯ ಉಬ್ಬಿದ ಭಾಗದ ಮೇಲೆ ಟೇಪು ಸುತ್ತಬೇಕು. ಸೊಂಟವನ್ನು ಡೈಪರ್ ಹಾಕಿ, ಮಗುವನ್ನು ಕೂರಿಸಿಯೇ ಅಳೆಯಿರಿ. ಮಲಗಿಸಿ ಅಳೆದರೆ ಹೊಟ್ಟೆ ಒಳಗೆ ಹೋಗಿ ಅಳತೆ ಕಡಿಮೆ ಬರುತ್ತದೆ, ಕೂತಾಗ ಅಂಚು ಹೊಟ್ಟೆಗೆ ಕಚ್ಚುತ್ತದೆ. ಮುಂದಿನ ಸೊಂಟದಿಂದ ಕಾಲಸಂದಿಯ ಮೂಲಕ ಹಿಂದಿನ ಸೊಂಟದವರೆಗೂ ಡೈಪರ್ ಮೇಲೆಯೇ ಅಳೆದು ಬರೆದುಕೊಳ್ಳಿ.

ಬಳಿಕ ಒಂದು ಚೂರು ಹೆಣೆದು ನೋಡಿ. 3.5 ಮಿ.ಮೀ. ಕಡ್ಡಿಯಲ್ಲಿ ಸಿಂಗಲ್ ಕ್ರೋಶಾ ಹಾಕಿದರೆ 10 ಸೆಂ.ಮೀ.ಗೆ ಸುಮಾರು 20 ಹೊಲಿಗೆ, 22 ಸಾಲು ಬರಬೇಕು. ಆ ಚೂರನ್ನು ಒಗೆದು ಒಣಗಿಸಿಯೇ ಅಳೆಯಿರಿ, ಹತ್ತಿ ನೀರು ಕುಡಿದರೆ ಸ್ವಲ್ಪ ಜಗ್ಗುತ್ತದೆ. 22 ಹೊಲಿಗೆ ಬಂದರೆ ಕೈ ಬಿಗಿ, 4 ಮಿ.ಮೀ. ಕಡ್ಡಿ ಹಿಡಿಯಿರಿ. 18 ಬಂದರೆ 3 ಮಿ.ಮೀ. ಸಾಕು. ವಿಡಿಯೊ ನೋಡಿ ಹೆಣೆಯುವವರಿಗೆ ಒಂದು ಎಚ್ಚರಿಕೆ: ಅಮೆರಿಕದವರು ಸಿಂಗಲ್ ಅನ್ನುವುದನ್ನೇ ಇಂಗ್ಲೆಂಡಿನವರು ಡಬಲ್ ಅನ್ನುತ್ತಾರೆ. ಇಲ್ಲಿ ಹೇಳುವ ಸಿಂಗಲ್ ಎಂದರೆ ಕಡ್ಡಿಯನ್ನು ಹೊಲಿಗೆಗೆ ತೂರಿಸಿ ಒಂದು ಕುಣಿಕೆ ಎಳೆದು, ಮತ್ತೆ ದಾರ ಸುತ್ತಿ ಎರಡೂ ಕುಣಿಕೆಯಿಂದ ಒಟ್ಟಿಗೆ ಹೊರತೆಗೆಯುವ ಗಿಡ್ಡ ಹೊಲಿಗೆ. ಕಡ್ಡಿಗೆ ಮೊದಲೇ ಒಮ್ಮೆ ದಾರ ಸುತ್ತಿಕೊಂಡು, ಎರಡೆರಡು ಕುಣಿಕೆಯಾಗಿ ಮುಗಿಸುವ ಡಬಲ್ ಉದ್ದವಾಗಿ ಬೇಗ ಸಾಗುತ್ತದೆ, ನಿಜ. ಆದರೆ ಅದರ ಸಂದಿಯಲ್ಲಿ ಡೈಪರ್ ಮೇಲಿನ ಚಿತ್ರಗಳು ಇಣುಕುತ್ತವೆ. ಪಂಚೆಗೆ ಸಿಂಗಲ್ಲೇ ಸರಿ.

ಪಂಚೆಯ ಲೆಕ್ಕ ಹೀಗೆ. ಡೈಪರ್ ಮೇಲಿನ ಸೊಂಟ 44 ಸೆಂ.ಮೀ., ಮುಂದಿನಿಂದ ಹಿಂದಕ್ಕೆ 36 ಸೆಂ.ಮೀ. ಎಂದು ಇಟ್ಟುಕೊಳ್ಳಿ. 45 ಸರಪಳಿ ಹಾಕಿ, ಕಡ್ಡಿಯಿಂದ ಎರಡನೇ ಸರಪಳಿಯಲ್ಲಿ ಶುರು ಮಾಡಿದರೆ 44 ಹೊಲಿಗೆ, ಅಂದರೆ 22 ಸೆಂ.ಮೀ. ಅಗಲ. ಇದು ಮುಂಭಾಗ. ನೇರವಾಗಿ 14 ಸಾಲು. ಮುಂದಿನ 14 ಸಾಲುಗಳಲ್ಲಿ ಪ್ರತಿ ಸಾಲಿನ ಎರಡೂ ತುದಿಯಲ್ಲಿ ಒಂದೊಂದು ಹೊಲಿಗೆ ಇಳಿಸಿ, 16 ಉಳಿಯುತ್ತದೆ. ಇಳಿಸುವಾಗ ಹೊಲಿಗೆ ಬಿಟ್ಟು ಮುಂದೆ ಹೋಗಬೇಡಿ, ಅಲ್ಲಿ ತೂತು ಬೀಳುತ್ತದೆ. ಎರಡು ಹೊಲಿಗೆಯಿಂದ ಒಂದೊಂದು ಕುಣಿಕೆ ಎಳೆದು, ಕಡ್ಡಿಯ ಮೇಲಿನ ಮೂರನ್ನೂ ಒಟ್ಟಿಗೆ ಮುಗಿಸಿ. ಕಾಲಸಂದಿಗೆ ನೇರ 20 ಸಾಲು. ಆಮೇಲೆ 14 ಸಾಲುಗಳಲ್ಲಿ ಎರಡೂ ತುದಿಗೆ ಒಂದೊಂದು ಏರಿಸಿ, ಅಂದರೆ ಒಂದೇ ಹೊಲಿಗೆಯೊಳಗೆ ಎರಡು ಹಾಕಿ, ಮತ್ತೆ 44ಕ್ಕೆ ಬನ್ನಿ. ಹಿಂಭಾಗಕ್ಕೆ ನೇರ 18 ಸಾಲು. ಒಟ್ಟು 80 ಸಾಲು. ಹಿಂದೆ ನಾಲ್ಕು ಸಾಲು ಜಾಸ್ತಿ ಇರುವುದು ಬೇಕೆಂದೇ. ಮಗು ಕೂತಾಗ ಹಿಂದಿನ ಅಂಚು ಕೆಳಗೆ ಜಾರಿ ಡೈಪರ್ ಕಾಣದಿರಲಿ ಎಂದು.

ಇಲ್ಲಿ ಎಲ್ಲರೂ ಎಡವುವುದು ಸಾಲಿನ ಕೊನೆಯ ಹೊಲಿಗೆಯಲ್ಲಿ. ತಿರುಗಿಸುವಾಗ ಹಾಕಿದ ಒಂದು ಸರಪಳಿಯನ್ನು ಹೊಲಿಗೆ ಎಂದು ಎಣಿಸಿದರೆ ಸಾಲಿಗೊಂದು ಹೊಲಿಗೆ ಕಳೆದು, ಹತ್ತು ಸಾಲಿಗೆ ಬಟ್ಟೆ ಕೈಬೀಸಣಿಗೆಯ ಹಾಗೆ ಓರೆಯಾಗುತ್ತದೆ. ಪ್ರತಿ ಸಾಲಿನ ಮೊದಲ ಹೊಲಿಗೆಗೂ ಕೊನೆಯ ಹೊಲಿಗೆಗೂ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ, ನಾಲ್ಕು ಸಾಲಿಗೊಮ್ಮೆ ಎಣಿಸಿ. ಎಣಿಸಲು ಬೇಸರವೆಂದು ಬಿಟ್ಟರೆ ಬಿಚ್ಚುವ ಬೇಸರ ಅದರ ಹತ್ತರಷ್ಟು.

ಕಾಲಿನ ಸುತ್ತ ಕೆಂಪು ದಾರದಲ್ಲಿ ಒಂದೇ ಒಂದು ಸಾಲು ಸಿಂಗಲ್ ಹಾಕಿ. ಎಲಾಸ್ಟಿಕ್ ಹಾಕಬಾರದು, ಐದೇ ನಿಮಿಷಕ್ಕೆ ತೊಡೆಯ ಮೇಲೆ ಬರೆ ಎಳೆದಂತೆ ಗುರುತು ಬೀಳುತ್ತದೆ. ಎರಡೂ ಪಕ್ಕದಲ್ಲಿ ಮುಂದೊಂದು ಹಿಂದೊಂದು ಕಟ್ಟುದಾರ, ತಲಾ 15 ಸೆಂ.ಮೀ. ಸಾಕು. ಅದಕ್ಕಿಂತ ಉದ್ದದ ದಾರ ಮಗುವಿನ ಕೈಗೆ ಸಿಕ್ಕಿ ಬೆರಳಿಗೆ ಸುತ್ತಿಕೊಳ್ಳುತ್ತದೆ.

ಪಂಚೆ ಪಂಚೆಯಂತೆ ಕಾಣಬೇಕಾದರೆ ಮುಂದೆ ನೆರಿಗೆ ಬೇಕು. ಹೆಣೆದ ಬಟ್ಟೆಯನ್ನು ನಿಜವಾಗಿಯೇ ಮಡಿಸಿ ನೆರಿಗೆ ಹಿಡಿದರೆ ಮೂರು ಪದರ ಸೇರಿ ಹೊಟ್ಟೆಯ ಕೆಳಗೆ ದಿಂಬು ಇಟ್ಟಂತಾಗುತ್ತದೆ, ಮಗು ಮುಂದಕ್ಕೆ ಬಾಗಲೂ ಆಗುವುದಿಲ್ಲ. ಅದರ ಬದಲು ನೆರಿಗೆಯ ಗೆರೆಯನ್ನು ಹೆಣಿಗೆಯಲ್ಲೇ ಎಬ್ಬಿಸಬಹುದು. 8 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದದ ಪಟ್ಟಿಯನ್ನು ಡಬಲ್ ಕ್ರೋಶಾದಲ್ಲಿ ಹೆಣೆಯಿರಿ. ಮೊದಲ ಸಾಲು ಮಾಮೂಲಿ. ಎರಡನೇ ಸಾಲಿನಿಂದ ಪ್ರತಿ ನಾಲ್ಕನೇ ಹೊಲಿಗೆಯನ್ನು ಕೆಳಗಿನ ಸಾಲಿನ ತಲೆಗೆ ತೂರಿಸದೆ, ಅದರ ಕಂಬವನ್ನೇ ಕಡ್ಡಿಯಿಂದ ಸುತ್ತಿ ಎಳೆಯಿರಿ. ಮೇಲ್ಮುಖ ಎದುರಿಗಿದ್ದಾಗ ಮುಂದಿನಿಂದ ಸುತ್ತಬೇಕು, ಒಳಮುಖ ಎದುರಿಗಿದ್ದಾಗ ಹಿಂದಿನಿಂದ. ಹೀಗೆ ಮಾಡಿದರೆ ಉಬ್ಬು ಒಂದೇ ಕಡೆಗೆ, ಮೇಲಿಂದ ಕೆಳಗೆ ನೇರವಾಗಿ ಇಳಿದು ಇಸ್ತ್ರಿ ಮಾಡಿದ ಪಂಚೆಯ ಮಡಿಕೆಯನ್ನೇ ಹೋಲುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದರಂತೂ ಆ ಗೆರೆಗಳು ಎದ್ದು ಕಾಣುತ್ತವೆ. ಪಟ್ಟಿಯ ಮೇಲಂಚನ್ನು ಮಾತ್ರ ಪಂಚೆಯ ಮುಂಭಾಗಕ್ಕೆ ಹೊಲಿದು, ಕೆಳಗೆ ಬಿಡಿಯಾಗಿ ಇಳಿಬಿಡಿ.

ಜರಿ ಅಂಚು ಬೇಕು ಅನಿಸುವುದು ಸಹಜ. ಹೊಳೆಯುವ ಜರಿದಾರವನ್ನು ಹತ್ತಿಯ ಜೊತೆ ಸೇರಿಸಿ ಹೆಣೆದರೆ ಒಳಗಡೆಯೂ ಬಂದು ಚುಚ್ಚುತ್ತದೆ. ಉಡುಪು ಪೂರ್ತಿ ಮುಗಿದ ಮೇಲೆ ಹೊರಮುಖದಲ್ಲಷ್ಟೇ ಒಂದು ಸಾಲು ಸರಪಳಿ ಎಳೆಯಿರಿ. ಒಳಗೆ ಹಳೆಯ ಮಲ್ ಪಂಚೆಯಿಂದ ಒಂದು ಪಟ್ಟಿ ಕತ್ತರಿಸಿ ಒಳಪದರವಾಗಿ ಹೊಲಿದುಬಿಡಿ. ಒಗೆದೊಗೆದು ಮೆತ್ತಗಾದ ಬಟ್ಟೆಗೆ ಸಮ ಇನ್ನೊಂದಿಲ್ಲ.

ತಲೆಪಟ್ಟಿಯನ್ನು ಉದ್ದಕ್ಕೆ ಹೆಣೆಯದೆ ಅಡ್ಡಕ್ಕೆ ಹೆಣೆಯಿರಿ. 9 ಸರಪಳಿ, 8 ಸಿಂಗಲ್, ಪ್ರತಿ ಸಾಲಿನಲ್ಲೂ ಹೊಲಿಗೆಯ ಹಿಂದಿನ ಕುಣಿಕೆಯನ್ನಷ್ಟೇ ಹಿಡಿದು ಹಾಕಿದರೆ ಏರಿಳಿತದ ಗೆರೆ ಮೂಡಿ ರಬ್ಬರಿನಂತೆ ಹಿಗ್ಗುತ್ತದೆ. 43 ಸೆಂ.ಮೀ. ತಲೆಗೆ ಪಟ್ಟಿ ಎಳೆಯದೆ 40 ಇರಲಿ. ಸಾಲು ಎಣಿಸುವ ಬದಲು ಟೇಪು ಹಿಡಿದು ನೋಡಿ. 43ಕ್ಕೇ ಹೆಣೆದರೆ ಕಣ್ಣಿನ ಮೇಲೆ ಜಾರುತ್ತದೆ, 37ಕ್ಕೆ ಇಳಿದರೆ ಹಣೆಯಲ್ಲಿ ಗುರುತು ಬೀಳುತ್ತದೆ. ಅಂಗಡಿಯ ಕಿರೀಟಕ್ಕಿಂತ ಈ ಪಟ್ಟಿಯಲ್ಲೇ ಮಗುವಿನ ಮುಂಗೂದಲು ಚೆನ್ನಾಗಿ ಕಾಣುತ್ತದೆ.

ನವಿಲುಗರಿ ನಿಜವಾದದ್ದು ಬೇಡ. ಅದರ ದಂಟಿನ ತುದಿ ಚೂಪು, ಎಳೆಗಳಲ್ಲಿ ಧೂಳು. ಒಂದು ನಿಜಗರಿಯನ್ನು ಮುಂದಿಟ್ಟುಕೊಂಡು ಬಣ್ಣದ ಕ್ರಮ ನೋಡಿ: ನಡುವೆ ಕಡುನೀಲಿ, ಅದರ ಸುತ್ತ ನವಿಲುನೀಲಿ, ಆಮೇಲೆ ತಾಮ್ರದ ಛಾಯೆಯ ಕಂದು, ಹೊರಗೆ ಹಸಿರು. ಹಸಿರನ್ನು ನಡುವೆ ಹಾಕಿದರೆ ಗರಿ ಹೂವಾಗಿಬಿಡುತ್ತದೆ. ದಾರದ ಉಂಗುರ ಮಾಡಿ ಕಡುನೀಲಿಯಲ್ಲಿ 6 ಸಿಂಗಲ್, ಎರಡನೇ ಸುತ್ತಿಗೆ ನವಿಲುನೀಲಿಯಲ್ಲಿ 12, ಮೂರನೆಯದಕ್ಕೆ ಕಂದಿನಲ್ಲಿ 18. ಸುತ್ತಿಗೆ ಆರಾರು ಏರಿದರೆ ಚಪ್ಪಟೆಯಾಗಿ ಕೂರುತ್ತದೆ. ಏರಿಸುವುದು ಕಡಿಮೆಯಾದರೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ಹಪ್ಪಳದಂತೆ ಅಲೆ ಏಳುತ್ತದೆ. ಕೊನೆಯ ಹಸಿರು ಸುತ್ತಿನಲ್ಲಿ ಮೇಲ್ತುದಿಗೆ ಬರುವಾಗ ಒಂದೇ ಹೊಲಿಗೆಯೊಳಗೆ ಡಬಲ್, 2 ಸರಪಳಿ, ಡಬಲ್ ಹಾಕಿದರೆ ಗರಿಯ ಮೊನೆ ಬರುತ್ತದೆ. ನೆಟ್ಟಗೆ ನಿಲ್ಲಲು ಒಳಗೆ ತಂತಿ ಇಡುವ ಯೋಚನೆಯೇ ಬೇಡ. ಹಿಂದೆ ಅದೇ ಆಕಾರದ ಎರಡು ಪದರ ಫೆಲ್ಟ್ ಹೊಲಿದು, ಬುಡವನ್ನು ಪಟ್ಟಿಗೆ ಭದ್ರಪಡಿಸಿ.

ಕೊಳಲಿಗೆ ಬಿದಿರು, ಪ್ಲಾಸ್ಟಿಕ್, ಕಾಗದದ ಸುರುಳಿ ಯಾವುದೂ ಬೇಡ, ಅದು ಮೊದಲು ಹೋಗುವುದು ಬಾಯಿಗೆ. 12 ಹೊಲಿಗೆಯ ಸುತ್ತಿನಲ್ಲಿ 18 ಸೆಂ.ಮೀ. ಕೊಳವೆ ಹೆಣೆದು, ಹಳೆಯ ಹತ್ತಿಬಟ್ಟೆಯನ್ನು ಬಿಗಿಯಾಗಿ ಸುತ್ತಿ ಒಳಗೆ ತುರುಕಿ ಎರಡೂ ಬಾಯಿ ಮುಚ್ಚಿ. ರಂಧ್ರಗಳನ್ನು ಕಪ್ಪು ದಾರದ ಕಸೂತಿಯಲ್ಲಿ ತೋರಿಸಿದರಾಯಿತು. ಮಣಿ, ಗುಂಡಿ ಯಾವುದನ್ನೂ ಎಲ್ಲಿಯೂ ಹೊಲಿಯಬೇಡಿ, ಎಷ್ಟೇ ಭದ್ರವಾಗಿ ಹೊಲಿದರೂ. ಮಗುವಿನ ಕೊರಳಿಗೆ ಏನನ್ನೂ ಹಾಕಬಾರದು. ಹೂಮಾಲೆ ಬೇಕಿದ್ದರೆ ಪುಟ್ಟ ಪುಟ್ಟ ಚಪ್ಪಟೆ ಹೂ ಹೆಣೆದು ಉತ್ತರೀಯದ ಅಂಚಿಗೇ ಹೊಲಿದುಬಿಡಿ. ಉತ್ತರೀಯ 10 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದ, ಒಂದು ಹೆಗಲ ಮೇಲೆ ಸುಮ್ಮನೆ ಇಟ್ಟರೆ ಸಾಕು, ಕಟ್ಟುವ ಅಗತ್ಯವಿಲ್ಲ.

ದಾರದ ತುದಿಗಳ ಬಗ್ಗೆ ಒತ್ತಿ ಹೇಳಬೇಕು. ಪ್ರತಿ ತುದಿಯನ್ನೂ 15 ಸೆಂ.ಮೀ. ಬಿಟ್ಟು ಕತ್ತರಿಸಿ, ಮೊಂಡು ಸೂಜಿಯಲ್ಲಿ ಮೂರು ದಿಕ್ಕಿಗೆ ತೂರಿಸಿ. ಒಂದೇ ದಿಕ್ಕಿಗೆ ತೂರಿಸಿದ ಹತ್ತಿ ದಾರ ಎರಡು ಎಳೆತಕ್ಕೆ ಹೊರಬರುತ್ತದೆ. ಒಳಗೆ ಬಿಟ್ಟ ಎಳೆ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಲ್ಲಬಹುದು. ಮುಗಿದ ಮೇಲೆ ಒಳಮುಖವನ್ನು ಹೊರಗೆ ಮಾಡಿ, ಕಣ್ಣಿನಿಂದಲ್ಲ, ಬೆರಳು ಆಡಿಸಿ ಪರೀಕ್ಷಿಸಿ.

ತೊಡಿಸುವ ಮೊದಲು ಒಮ್ಮೆ ಒಗೆಯಲೇಬೇಕು. ಅಂಟುವಾಳದ ನೊರೆ ಉಗುರುಬೆಚ್ಚನೆ ನೀರಿನಲ್ಲಿ ಸಾಕು. ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿ. ಹಗ್ಗದ ಮೇಲೆ ನೇತುಹಾಕಿದರೆ ನೀರಿನ ಭಾರಕ್ಕೆ ಪಂಚೆ ಒಂದಂಗುಲ ಉದ್ದವಾಗುತ್ತದೆ. ಬೆಂಗಳೂರಿನ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಒಣಗಲು ಎರಡು ಮೂರು ದಿನ ಹಿಡಿಯುವುದರಿಂದ ವಾರ ಮೊದಲೇ ಒಗೆದುಬಿಡಿ.

ಫೋಟೊ ದಿನ ಮಗು ಹಾಲು ಕುಡಿದು, ಮಲಗಿ ಎದ್ದ ಮೇಲೆ, ದೀಪ, ಹಾಸು, ಬೆಣ್ಣೆಗಡಿಗೆ ಎಲ್ಲವೂ ಸಿದ್ಧವಾದ ಮೇಲೆಯೇ ಉಡುಪು ತೊಡಿಸಿ. ಪಂಚೆ ಮೊದಲು, ತಲೆಪಟ್ಟಿ ಕೊನೆಗೆ. ಪಟ್ಟಿ ತಲೆಗೆ ಬಂತೆಂದರೆ ಕೈ ಅಲ್ಲಿಗೇ ಹೋಗುತ್ತದೆ, ಆಗ ಕೊಳಲನ್ನು ಕೈಗೆ ಕೊಡಿ. ಎಡಬಿಡದೆ ಒಬ್ಬರು ಮಗುವಿನ ಕೈಯಳತೆಯಲ್ಲೇ ಕೂತಿರಬೇಕು.

ಆಮೇಲೆ ಎತ್ತಿಡುವಾಗ ನುಸಿಗುಳಿಗೆ ಹಾಕಬೇಡಿ. ಅದರ ನ್ಯಾಫ್ತಲೀನ್ ಕೆಲವು ಶಿಶುಗಳ ರಕ್ತಕಣಗಳನ್ನು ಒಡೆಯುತ್ತದೆ, ಇದೇ ಉಡುಪು ನಾಳೆ ಮನೆಯ ಇನ್ನೊಂದು ಕೂಸಿಗೆ ಬರುವಂಥದ್ದು. ಚೆನ್ನಾಗಿ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಲಾವಂಚದ ಬೇರಿನ ಪುಟ್ಟ ಗಂಟು ಇಟ್ಟು, ಮಿಕ್ಕ ಹಳದಿ ದಾರವನ್ನು ಲೇಬಲ್ ಸಮೇತ ಅದರಲ್ಲೇ ಇಡಿ. ಮುಂದಿನ ಮಗುವಿಗೆ ಸೊಂಟ ಸಾಲದಾದರೆ ಪಕ್ಕಕ್ಕೆ ನಾಲ್ಕು ಸಾಲು ಸೇರಿಸಲು ಬೇಕಾಗುತ್ತದೆ.