ಗೋಬೆನ್ ಎದುರು ನಾಲ್ಕು ಕ್ರೂಸರ್‌ಗಳು: ಗುಂಡು ಎಣಿಸಿ ಆಡಿದ ಕಾಳಗ

1914ರ ಆಗಸ್ಟ್ 7ರ ನಸುಕಿನಲ್ಲಿ ಬ್ರಿಟಿಷ್ ರಿಯರ್ ಅಡ್ಮಿರಲ್ ಟ್ರೂಬ್ರಿಡ್ಜ್ ಹಿಂದೆ ಸರಿಯದೆ, ತನ್ನ ನಾಲ್ಕು ಆರ್ಮರ್ಡ್ ಕ್ರೂಸರ್‌ಗಳೊಂದಿಗೆ (ಕವಚ ತೊಟ್ಟ ಹಳೆಯ ಯುದ್ಧನೌಕೆಗಳು) ತುರ್ಕಿಯತ್ತ ಓಡುತ್ತಿದ್ದ ಜರ್ಮನಿಯ ಬ್ಯಾಟಲ್‌ಕ್ರೂಸರ್ (ದೊಡ್ಡ ಫಿರಂಗಿಗಳ ವೇಗದ ಯುದ್ಧನೌಕೆ) ಗೋಬೆನ್ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು? ನಮ್ಮ ಮೇಜಿನಾಟದ ಬಳಗದಲ್ಲಿ ಎಲ್ಲರದೂ ಒಂದೇ ಉತ್ತರ: ನಾಲ್ಕೂ ಹಡಗುಗಳು ಮುಳುಗುತ್ತಿದ್ದವು. ನಾನು ಒಪ್ಪಲಿಲ್ಲ. ಕವಚದ ದಪ್ಪ ಹೋಲಿಸುವುದನ್ನು ಬಿಟ್ಟು ಮದ್ದಿನ ಮನೆಯಲ್ಲಿ ಉಳಿದ ಗುಂಡು ಎಣಿಸುತ್ತಾ ಆಡೋಣ ಎಂದಾಗ, ಇದೇನು ಕಿರಾಣಿ ಅಂಗಡಿಯ ಲೆಕ್ಕವೇ ಎಂದು ನಕ್ಕರು.

ಗೋಬೆನ್‌ನಲ್ಲಿ 28 ಸೆಂ.ಮೀ.ನ 10 ಫಿರಂಗಿಗಳು, ಒಟ್ಟು 810 ಗುಂಡುಗಳು. ಅದೇ ವರ್ಷದ ಡಿಸೆಂಬರಿನಲ್ಲಿ ಫಾಕ್‌ಲ್ಯಾಂಡ್ಸ್ ಬಳಿ ಶಾರ್ನ್‌ಹಾರ್ಸ್ಟ್ ಮತ್ತು ಗ್ನೈಸೆನಾವ್ ಎಂಬ ಜರ್ಮನಿಯ ಎರಡೇ ಆರ್ಮರ್ಡ್ ಕ್ರೂಸರ್‌ಗಳನ್ನು ಮುಳುಗಿಸಲು ಬ್ರಿಟನ್ನಿನ ಬ್ಯಾಟಲ್‌ಕ್ರೂಸರ್‌ಗಳಾದ ಇನ್ವಿನ್ಸಿಬಲ್ ಮತ್ತು ಇನ್‌ಫ್ಲೆಕ್ಸಿಬಲ್ ಸೇರಿ ಸುಮಾರು 1,170 ಗುಂಡು ಹಾರಿಸಿದವು. ಹಾಗಿದ್ದಮೇಲೆ 810ರಲ್ಲಿ ನಾಲ್ಕು ಹಡಗುಗಳನ್ನು ಮುಗಿಸುವುದು ಹೇಗೆ? ನನ್ನ ವಾದವೆಲ್ಲ ಇಷ್ಟೇ.

ಹಣ ಹಾಳಾದದ್ದು ಮಾದರಿಗಳಿಗೆ. ಹೊರದೇಶದಿಂದ ತರಿಸಿದ 1:2400 ಅಳತೆಯ ಲೋಹದ ಹಡಗುಗಳಿಗೆ ಸುಂಕ, ಅಂಚೆ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಬಿತ್ತು; ಎರಡರ ಕೂವೆಮರಗಳು ಮುರಿದೇ ಬಂದವು. ರೆಸಿನ್‌ನಲ್ಲಿ ಮುದ್ರಿಸಿದರೆ ಹಡಗಿಗೆ ನೂರಿಪ್ಪತ್ತು ರೂಪಾಯಿ, ಆದರೆ ಆ ಕೂವೆಮರಗಳು ಬೆರಳು ತಾಗಿದರೆ ಸಾಕು, ಚಟ್ಟೆಂದು ಮುರಿಯುತ್ತಿದ್ದವು. ಈಗ ಒಡಲು ಮಾತ್ರ ರೆಸಿನ್. ಸೂಜಿಯಿಂದ ತೂತು ಕೊರೆದು ಗಿಟಾರಿನ ಅತಿ ತೆಳು ತಂತಿಯನ್ನು ನಿಲ್ಲಿಸುತ್ತೇನೆ. ಅಂಟು ಹಾಕುವ ಮುನ್ನ ತಂತಿಯ ತುದಿಗೆ ಏನು ಮಾಡುತ್ತೇನೆ ಎಂಬುದು ನನ್ನಲ್ಲೇ ಇರಲಿ. ಬಳಗದಲ್ಲಿ ನನ್ನ ಹಡಗುಗಳಷ್ಟು ನೆಟ್ಟಗೆ ನಿಂತವು ಬೇರೆ ಯಾರಲ್ಲೂ ಇಲ್ಲ.

ಕೊಂಡು ತಂದ ನಿಯಮಾವಳಿಗಳು ಒಂದೂ ಕೆಲಸಕ್ಕೆ ಬರಲಿಲ್ಲ. ಅವುಗಳಲ್ಲಿ ಗೋಬೆನ್ ಅರ್ಧ ಗಂಟೆಯಲ್ಲಿ ನಾಲ್ವರನ್ನೂ ಮುಳುಗಿಸಿ ಕೈತೊಳೆದುಕೊಳ್ಳುತ್ತಿತ್ತು. ಆದ್ದರಿಂದ ಹಡಗಿಗೊಂದು ಕೋಷ್ಟಕ ಬರೆದು, ಪ್ರತಿ ಸುತ್ತಿಗೂ ಪೆನ್ಸಿಲಿನಿಂದ ಗುಂಡು ಹೊಡೆದುಹಾಕುತ್ತಾ ಬಂದೆ. ದೂರ ಹೆಚ್ಚಿದಂತೆ ಗುರಿ ತಪ್ಪುವ ಪ್ರಮಾಣವನ್ನೂ ಏರಿಸಿದೆ. ಒರೆಗೆ ಹಚ್ಚಲು 1914ರ ನವೆಂಬರ್ 18ರ, ಕಪ್ಪು ಸಮುದ್ರದ ಕೇಪ್ ಸರಿಚ್ ಕಾಳಗವಿತ್ತು: ಮಂಜಿನಲ್ಲಿ, ಏಳು ಕಿಲೋಮೀಟರ್ ಆಸುಪಾಸಿನಲ್ಲಿ, ಕಾಲು ಗಂಟೆಯೊಳಗೆ ಗೋಬೆನ್ ಹತ್ತೊಂಬತ್ತು ಗುಂಡು ಹಾರಿಸಿ ರಷ್ಯಾದ ಯುದ್ಧನೌಕೆ ಎವ್‌ಸ್ಟಾಫಿಗೆ ನಾಲ್ಕು ಏಟು ಕೊಟ್ಟಿತು, ತಾನೊಂದು ತಿಂದಿತು. ನನ್ನ ಮೇಜಿನ ಮೇಲೂ ಹೆಚ್ಚುಕಡಿಮೆ ಅದೇ ಬಂತು. ಫಾಕ್‌ಲ್ಯಾಂಡ್ಸ್ ಆಡಿದಾಗಲೂ ಗುಂಡಿನ ಲೆಕ್ಕ ಸಾವಿರದ ಆಚೀಚೆ ನಿಂತಿತು. ನಕ್ಕವರು ಅಂದಿನಿಂದ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು.

ಇನ್ನು ಮುಖ್ಯ ಕಾಳಗ. ಡಿಫೆನ್ಸ್, ವಾರಿಯರ್, ಬ್ಲ್ಯಾಕ್ ಪ್ರಿನ್ಸ್, ಡ್ಯೂಕ್ ಆಫ್ ಎಡಿನ್‌ಬರೊ: ನಾಲ್ಕರಲ್ಲಿ 9.2 ಇಂಚಿನ ಫಿರಂಗಿಗಳೇ 22. ಗೋಬೆನ್ ದೂರ ನಿಂತು ಹೊಡೆದರೆ ಗುಂಡು ಬರಿದಾಗುತ್ತದೆ; ಹತ್ತಿರ ಬಂದರೆ ಆ 22ರ ಬಾಯಿಗೆ ಬೀಳುತ್ತದೆ. ಆ ದಿನ ಅದರ ಬಾಯ್ಲರ್ ನಳಿಗೆಗಳು ಕೆಟ್ಟಿದ್ದರಿಂದ ಕಾಗದದ ಮೇಲಿನ ವೇಗವನ್ನು ನಾನು ಕೊಡಲಿಲ್ಲ. ಹತ್ತರಲ್ಲಿ ಆರೇಳು ಸಲ ಎರಡು ಕ್ರೂಸರ್ ಮುಳುಗಿದವು, ಮೂರನೆಯದು ಉರಿಯಿತು, ಗೋಬೆನ್ ಕುಂಟುತ್ತಾ ಉಳಿಯಿತು. ಹಾಗೆ ಕುಂಟುವ ಹಡಗು ತುರ್ಕಿಯ ಡಾರ್ಡನೆಲ್ಸ್ ಜಲಸಂಧಿ ಸೇರುವ ಮೊದಲೇ ಟ್ರೂಬ್ರಿಡ್ಜ್‌ನ ಮೇಲಧಿಕಾರಿ ಮಿಲ್ನ್‌ನ ಬ್ಯಾಟಲ್‌ಕ್ರೂಸರ್‌ಗಳ ಕೈಗೆ ಸಿಕ್ಕುತ್ತದೆ.

ಮದ್ದಿನ ಮನೆ ಸಿಡಿಯುವ ಸಂಭವಕ್ಕೆ ಬೇರೊಂದು ದಾಳವಿದೆ. ಜಟ್ಲೆಂಡ್ ನೌಕಾ ಕಾಳಗದಲ್ಲಿ ಡಿಫೆನ್ಸ್ ಕ್ಷಣಮಾತ್ರದಲ್ಲಿ ಸಿಡಿದು ಸುಮಾರು 900 ಜನ ಸತ್ತದ್ದನ್ನು ಮರೆತು ಈ ಆಟ ಆಡುವಂತಿಲ್ಲ. ಆ ದಾಳದ ಗುಣಕ ಕೇಳಬೇಡಿ.

ಟ್ರೂಬ್ರಿಡ್ಜ್ ಹಿಂದೆ ಸರಿದದ್ದಕ್ಕೆ ನಡೆದ ಕೋರ್ಟ್ ಮಾರ್ಷಲ್‌ನಲ್ಲಿ ಖುಲಾಸೆಯಾದರೂ ಮತ್ತೆ ಸಮುದ್ರದ ಹುದ್ದೆ ಸಿಗಲಿಲ್ಲ. ಅವನು ಉಳಿಸಿದ ಹಡಗುಗಳಲ್ಲಿ ಮೂರನ್ನು 1916ರ ಜಟ್ಲೆಂಡ್ ನುಂಗಿತು. ಡ್ಯೂಕ್ ಆಫ್ ಎಡಿನ್‌ಬರೊ 1920ರಲ್ಲಿ ಗುಜರಿಗೆ ಹೋಯಿತು. ಗೋಬೆನ್ ಯಾವುಜ್ ಆಗಿ ತುರ್ಕಿಯಲ್ಲೇ ಬಾಳಿತು, 1938ರಲ್ಲಿ ಅತಾತುರ್ಕ್‌ನ ಪಾರ್ಥಿವ ಶರೀರವನ್ನು ಹೊತ್ತಿತು. 1963ರಲ್ಲಿ ತುರ್ಕಿ ಅದನ್ನು ಕೊಡಲು ಮುಂದಾದಾಗ ಪಶ್ಚಿಮ ಜರ್ಮನಿ ಬೇಡವೆಂದದ್ದು ನನಗೆ ಇಂದಿಗೂ ಸಹಿಸಲಾಗದು. ಎಪ್ಪತ್ತರ ದಶಕದಲ್ಲಿ ಅದನ್ನು ಒಡೆದುಹಾಕಿದರು.

ಮುಂದಿನದು ಬ್ರಿಟಿಷ್ ಹಡಗು ಗ್ಲೌಸ್ಟರ್ ಗೋಬೆನ್ ಅನ್ನು ಬೆನ್ನಟ್ಟಿದ ಪ್ರಸಂಗ. ಅದರ ಕ್ಯಾಪ್ಟನ್ ಹೋವರ್ಡ್ ಕೆಲ್ಲಿ ಒಂದೇ ಹಗುರ ಕ್ರೂಸರ್ ಹಿಡಿದುಕೊಂಡು ಗೋಬೆನ್ ಜೊತೆಗಿದ್ದ ಬ್ರೆಸ್ಲಾವ್ ಮೇಲೆ ಗುಂಡು ಹಾರಿಸಿದ್ದ. ಗ್ಲೌಸ್ಟರ್‌ನ ಒಡಲು ಆಗಲೇ ಮುದ್ರಣಗೊಂಡು ಒಣಗುತ್ತಿದೆ.